ಹರಿವಾಣದ ಆಚೆ ಬದಿ

ಅವರು ಯಾವ ವಸ್ತುವನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ, ಬೆರಳಿನ ಗೆಣ್ಣಿನಿಂದ ನೋಡುತ್ತಿದ್ದರು. ಚೊಂಬಾದರೂ ಸರಿ, ಹಂಡೆಯಾದರೂ ಸರಿ, ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ನಡುಬೆರಳು ಮಡಚಿ ಟಣ್ ಎಂದು ಒಂದು ಏಟು ಕೊಟ್ಟು, ತಲೆ ವಾಲಿಸಿ ಕೇಳುವರು. ಆ ಸದ್ದು ಪೂರ್ತಿ ಆರುವವರೆಗೆ ಎದುರಿಗಿದ್ದ ಗಿರಾಕಿಯೂ ಬಾಯಿ ಮುಚ್ಚಿಕೊಂಡಿರಬೇಕು. ಆಮೇಲೆ "ತಗೊಂಡೋಗಿ, ನಿಮ್ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ" ಎನ್ನುವರು. ಇಲ್ಲವೇ ಏನೂ ಹೇಳದೆ ಅಂಗಡಿಯ ಹಿಂದಿನ ಗೂಡಿಗೆ ಹಾಕುವರು. ಆ ಗೂಡು ಸೊಟ್ಟಗಾದ, ತಗ್ಗು ಬಿದ್ದ ಪಾತ್ರೆಗಳದು. ನಾನು ಕಂಡಂತೆ ಅವರು ತೆಂಗಿನಕಾಯಿ, ಹಲಸಿನ ಹಣ್ಣು, ಹೊಸದಾಗಿ ಬಂದ ಗ್ಯಾಸ್ ಸಿಲಿಂಡರ್ ಎಲ್ಲವನ್ನೂ ಹೀಗೆ ಬಡಿದು ನೋಡಿದ್ದಾರೆ. ಒಮ್ಮೆ ನನ್ನ ಹೆಲ್ಮೆಟ್ಟನ್ನೂ ಬಡಿದರು, ಅದು ನನ್ನ ತಲೆಯ ಮೇಲಿದ್ದಾಗಲೇ. ಪುಸ್ತಕಗಳನ್ನೂ ಬಡಿಯುತ್ತಿದ್ದರು. ನಾನು ಹೇಳಹೊರಟಿರುವುದು ಆ ಪುಸ್ತಕಗಳ ಸಂಗತಿ.

ಅವರ ಹೆಸರು ಬರೆಯುವುದಿಲ್ಲ. ಹಳೇಬೀಡಿನಲ್ಲಿ ನಲವತ್ತು ವರ್ಷ ಪಾತ್ರೆ ಅಂಗಡಿ ಇಟ್ಟುಕೊಂಡು, ಸುತ್ತಲಿನ ಊರುಗಳ ಮದುವೆಗೆ, ಗೃಹಪ್ರವೇಶಕ್ಕೆ ಹೋಗುವ ಪಾತ್ರೆಗಳ ಮೇಲೆಲ್ಲ ಬೇರೆಯವರ ಹೆಸರು ಕೊರೆದುಕೊಟ್ಟವರು ಅವರು. ಕೈಯಲ್ಲಿ ಹೆಸರು ಕೊರೆಯುವ ಕರೆಂಟಿನ ಪೆನ್ನು ಗುಂಯ್ ಎನ್ನುತ್ತಿದ್ದರೆ ಮುಖ ನೋಡಬೇಕಿತ್ತು, ಮಗುವಿಗೆ ಕಾಡಿಗೆ ಹಚ್ಚುವವರಷ್ಟು ಜಾಗ್ರತೆ. ತಮ್ಮ ಹೆಸರನ್ನು ಮಾತ್ರ ಅಂಗಡಿಯ ಬೋರ್ಡಿನ ಮೇಲೂ ಬರೆಸಿರಲಿಲ್ಲ. ಊರಿಗೆಲ್ಲ ಅವರು ಯಜಮಾನ್ರು. ನನಗೂ ಅಷ್ಟೇ.

ನಾನಾಗ ಅಲ್ಲಿನ ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ಹೊಸದಾಗಿ ಬಂದಿದ್ದೆ. ನನ್ನ ಊರು ಅರಸೀಕೆರೆ. ಯಜಮಾನರ ಅಂಗಡಿಯ ಹಿಂದೆ ಅವರ ಮನೆ, ಮನೆಯ ಪಕ್ಕದ ಒಂಟಿ ಕೋಣೆ ನನಗೆ ಬಾಡಿಗೆಗೆ. ಬಂದು ವಾರವಾಗಿರಲಿಲ್ಲ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನ ಮುಂದೆ ಬಂದು ನಿಂತು ಕೇಳಿದರು: "ಮೇಷ್ಟ್ರೇ, ಇಪ್ಪತ್ತು ಮುಖದ ದಾಳ ಅಂತ ಒಂದೈತಂತೆ. ಇಪ್ಪತ್ತು ಮುಖ ಆದ್ಮೇಲೆ ಅದು ಉಂಡೆ ಅಲ್ವೇನ್ರೀ?"

ಬಾಯಿ ತುಂಬ ನೊರೆ ಇಟ್ಟುಕೊಂಡೇ, ಅಲ್ಲ, ಇಪ್ಪತ್ತು ತ್ರಿಕೋನಗಳನ್ನು ಸೇರಿಸಿದರೆ ಅಂಥದೊಂದು ಘನ ಆಗುತ್ತದೆ ಎಂದೆ. ಅವರು "ಸರಿ, ಆಮೇಲೆ?" ಎಂದರು. ಅದು ಅವರ ಮಾತಿನ ಊರುಗೋಲು. ಗಿರಾಕಿ ಚೌಕಾಸಿ ಮಾಡಿದರೆ "ಸರಿ, ಆಮೇಲೆ?" ಹೆಂಡತಿ ಬೈದರೆ "ಸರಿ, ಆಮೇಲೆ?" ಎದುರಿನವರು ಇನ್ನೂ ಏನೋ ಹೇಳಬೇಕಿದೆ, ಅದೇ ನಿಜವಾದ ಸಂಗತಿ ಎಂಬ ನಂಬಿಕೆ ಆ ಮನುಷ್ಯನಿಗೆ. ನಾನು ಬಾಯಿ ತೊಳೆದು ಬರುವಷ್ಟರಲ್ಲಿ ಅವರು ನನ್ನ ಮೊಣಕೈ ಹಿಡಿದು ಅಂಗಡಿಗೆ ಕರೆದೊಯ್ದು, ಬೆಳ್ಳಿ ದೀಪಗಳನ್ನಿಡುವ ಗಾಜಿನ ಬೀರುವಿನಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತೆಗೆದು ಕೈಗಿಟ್ಟರು.

ಆ ಪುಸ್ತಕ ಅವರಿಗೆ ಸಿಕ್ಕಿದ್ದು ಹೊರದೇಶದ ಗಂಡ ಹೆಂಡತಿಯಿಂದ. ದೇವಸ್ಥಾನ ನೋಡಿ ಬರುವ ತನಕ ಇಟ್ಟುಕೊಳ್ಳಿ ಎಂದು ದೊಡ್ಡ ಬೆನ್ನುಚೀಲಗಳನ್ನು ಅಂಗಡಿಯಲ್ಲಿ ಬಿಟ್ಟುಹೋಗಿದ್ದರಂತೆ. ಇವರು ಸುಮ್ಮನೆ ಕೂರುವವರಲ್ಲ. ಚೀಲಕ್ಕೆ ಕಟ್ಟಿದ್ದ ಚೀಟಿಯಲ್ಲಿನ ಹೆಸರುಗಳನ್ನು ಎರಡು ಪುಟ್ಟ ಲೋಟಗಳ ಮೇಲೆ ಕನ್ನಡದಲ್ಲಿ ಕೊರೆದಿಟ್ಟರು. ವಾಪಸು ಬಂದವರು ಹಿಗ್ಗಿ, ಚೀಲ ಬಿಚ್ಚಿ, ಅದರಲ್ಲಿ ಎಲ್ಲಕ್ಕಿಂತ ಭಾರವಾಗಿದ್ದ ವಸ್ತುವನ್ನು ಇವರಿಗೆ ಕೊಟ್ಟು ಹೋದರು. ಮುಖಪುಟದ ಮೇಲೆ ಸೊಂಡಿಲು, ರೆಕ್ಕೆ, ಕೋರೆಹಲ್ಲು ಎಲ್ಲವೂ ಇದ್ದ ಒಂದು ಪ್ರಾಣಿ. ದೇವಸ್ಥಾನದ ಗೋಡೆಯ ಕೆಳಸಾಲಿನ ಮಕರಗಳ ಬಗ್ಗೆ ಯಾರೋ ಬರೆದ ಪುಸ್ತಕವಿರಬೇಕು ಎಂದುಕೊಂಡ ಯಜಮಾನರು ಅದನ್ನು ಎದೆಗವಚಿಕೊಂಡು ಗುಡಿಯನ್ನು ಎರಡು ಸುತ್ತು ಬಂದು, ಪುಟ ತಿರುಗಿಸುತ್ತಾ ಗೋಡೆಯ ಜೊತೆ ತಾಳೆ ನೋಡಿದ್ದಾರೆ. ತಾಳೆಯಾಗಲಿಲ್ಲ. ಡಿಕ್ಷನರಿ ಹಿಡಿದು ನಾಲ್ಕು ತಿಂಗಳು ಓದಿದ ಮೇಲೆ ಗೊತ್ತಾಯಿತು, ಅದು ಒಂದು ಆಟದ ಪುಸ್ತಕ.

ಆಟ ಇಷ್ಟೇ. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ತಲಾ ಒಂದೊಂದು ವೇಷ ಹಿಡಿದು, ಆ ವೇಷ ಏನು ಮಾಡುತ್ತದೆಂದು ಬಾಯಲ್ಲಿ ಹೇಳುತ್ತಾ ಹೋಗುತ್ತಾರೆ. "ನಾನು ಗೋಡೆ ಹತ್ತುತ್ತೇನೆ" ಎಂದರೆ ಹತ್ತಿದಿರೋ ಜಾರಿ ಬಿದ್ದಿರೋ ಎಂಬುದನ್ನು ದಾಳ ಹೇಳುತ್ತದೆ. ಊರು, ಕಾಡು, ರಾಜ, ರಾಕ್ಷಸ ಎಲ್ಲ ಪುಸ್ತಕದಲ್ಲಿರುತ್ತವೆ. ಆಡುವವರು ಆ ಪುಸ್ತಕ ನೋಡುವಂತಿಲ್ಲ, ನಡೆಸುವವರು ಮಾತ್ರ ನೋಡಬೇಕು. ಹೊರಗೆ ಇದನ್ನು ದೊಡ್ಡ ದೊಡ್ಡವರೇ ವರ್ಷಗಟ್ಟಲೆ ಆಡುತ್ತಾರೆ, ಇದಕ್ಕಾಗಿ ಸಾವಿರಾರು ಪುಸ್ತಕಗಳಿವೆ ಎಂದು ನಾನು ಫೋನಿನಲ್ಲಿ ಹುಡುಕಿ ತೋರಿಸಿದೆ. ತೋರಿಸಬಾರದಿತ್ತು ಎಂದು ಅಮ್ಮ, ಅಂದರೆ ಅವರ ಹೆಂಡತಿ, ಆಮೇಲೆ ನನಗೆ ಎಷ್ಟೋ ಸಲ ಹೇಳಿದ್ದಾರೆ. ಅಂದಿನಿಂದ ಎರಡು ತಿಂಗಳಿಗೊಮ್ಮೆ ಅಂಗಡಿಗೆ ಪಾರ್ಸೆಲ್ ಬರತೊಡಗಿತು.

ಪಾರ್ಸೆಲ್ ಬಿಚ್ಚುವ ದಿನ ಅಂಗಡಿಯಲ್ಲಿ ಹಬ್ಬ. ಮೊದಲು ಹೊರಗಿನ ರಟ್ಟಿನ ಮೇಲೆ ಗೆಣ್ಣಿನ ಏಟು. ಆಮೇಲೆ ಪುಸ್ತಕದ ಬೆನ್ನಿನ ಮೇಲೆ. ಆಮೇಲೆ ನಡುವೆ ಎಲ್ಲಾದರೂ ತೆರೆದು, ಮೂಸಿ, ಒಂದು ಪುಟ ಓದಿ, ಅಂದೇ ತೀರ್ಪು ಕೊಡದೆ ಒಳಗಿಡುವರು. ಎರಡು ಮೂರು ಭಾನುವಾರ ಆಡಿಸಿ ನೋಡಿದ ಮೇಲೆ ತೀರ್ಪು. ಚೆನ್ನಾಗಿದ್ದರೆ ಗಾಜಿನ ಬೀರು. ನಿರಾಸೆಯಾದರೆ ಸೊಟ್ಟ ಪಾತ್ರೆಗಳ ಗೂಡು.

ದುಡ್ಡು ಕೊಟ್ಟು ತರಿಸಿದ ಮೊದಲ ಪುಸ್ತಕವಂತೂ ಆಡಿಸುವ ಮೊದಲೇ ಗೂಡಿಗೆ ಹೋಯಿತು. ಎಂಥ ಪುಸ್ತಕ! ಮದುವೆ ಆಲ್ಬಮ್ಮಿನಷ್ಟು ದಪ್ಪ, ನುಣುಪು ಹಾಳೆ, ಚಿನ್ನದ ಅಕ್ಷರ. ಒಳಗೆ ಮುಕ್ಕಾಲು ಪಾಲು ಕತ್ತಿಗಳು. ಉದ್ದ ಕತ್ತಿ, ಗಿಡ್ಡ ಕತ್ತಿ, ಸೊಟ್ಟ ಕತ್ತಿ, ಯಾವ ಕತ್ತಿ ತಗುಲಿದರೆ ಎಷ್ಟು ಪೆಟ್ಟು, ಎರಡು ಕತ್ತಿ ಒಟ್ಟಿಗೆ ತಗುಲಿದರೆ ಎಷ್ಟು. ಯಜಮಾನರು ಮೂರು ದಿನ ಓದಿ, ಕನ್ನಡಕ ತೆಗೆದು, ನನ್ನನ್ನು ಕರೆದರು.

"ಇದು ರೇಟ್ ಪಟ್ಟಿ ಕಣ್ರೀ ಮೇಷ್ಟ್ರೇ. ಇಂಥದ್ದು ನಂಗೆ ಪಾತ್ರೆ ಕಂಪನಿಯವ್ರು ವರ್ಷಾ ವರ್ಷಾ ಬಿಟ್ಟಿ ಕೊಡ್ತಾರೆ."

ಅವರು ಜೈನರು. ಮನೆಯಲ್ಲಿ ಸೊಳ್ಳೆಯನ್ನೂ ಪರದೆಯ ಆಚೆ ಬಿಟ್ಟು ಬರುವ ಪದ್ಧತಿ. ಆದ್ದರಿಂದ ಕತ್ತಿ ಕಂಡು ಬೇಜಾರಾಗಿರಬಹುದು ಎಂದು ನಾನು ಲೆಕ್ಕ ಹಾಕಿದೆ. ಹಾಗೆಂದು ಕೇಳಿಯೂಬಿಟ್ಟೆ. ಅವರು ನಕ್ಕರು. "ಅದಿರ್ಲಿ. ವ್ಯಾಪಾರದ ಮಾತು ಹೇಳ್ತೀನಿ ಕೇಳಿ. ರಾಕ್ಷಸನ್ನ ಕೊಂದ್ರೆ ಅರ್ಧ ಗಂಟೇಲಿ ಕತೆ ಮುಗೀತು. ಅವನ ಜೊತೆ ಮಾತಿಗೆ ಕೂತ್ರೆ ಮೂರು ಭಾನುವಾರ ನಡೀತದೆ. ಕೊಟ್ ಕಾಸಿಗೆ ಯಾವ್ದು ಲಾಭ?"

ಆ ಗೂಡಿನ ದೆಸೆಯಿಂದಲೇ ನಮಗೆ ಮಂಜಣ್ಣ ಸಿಕ್ಕಿದ್ದು. ಗೆಂಡೆಹಳ್ಳಿಯ ರೈತ, ರಾಗಿ ಹೊಲ ಇದೆ, ಒಂದಷ್ಟು ತೆಂಗು. ಹಂಡೆ ಕೊಳ್ಳಲು ಬಂದವನು ಸೊಟ್ಟ ಬೋಗುಣಿಗಳ ನಡುವೆ ಕತ್ತಿಗಳ ಪುಸ್ತಕ ಕಂಡು, ತಿರುವಿ ಹಾಕಿ, "ಇದ್ ಹೆಂಗ್ ಕೆ.ಜಿ.?" ಎಂದು ಕೇಳಿದ. ಯಜಮಾನರಿಗೆ ಅಂಥ ಪ್ರಶ್ನೆ ಬಹಳ ಇಷ್ಟ. ಕೂರಿಸಿ, ಮಜ್ಜಿಗೆ ಕೊಟ್ಟು, ಆಟ ವಿವರಿಸಿದರು. ಮಂಜಣ್ಣ ಹಂಡೆ ಮರೆತು ಮನೆಗೆ ಹೋದ, ಮುಂದಿನ ಭಾನುವಾರ ಹಂಡೆಯ ನೆಪ ಹೇಳಿ ಮತ್ತೆ ಬಂದ. ಅವನನ್ನು ಬಿಟ್ಟರೆ ಆಸ್ಪತ್ರೆಯ ಸಿಸ್ಟರ್. ದಿನವಿಡೀ ಇಂಜೆಕ್ಷನ್ ಕೊಟ್ಟು, ಮಕ್ಕಳ ಅಳು ಕೇಳಿ ಸಾಕಾಗಿ, ನಗು ಕೇಳಿಬಂದ ಅಂಗಡಿಯೊಳಕ್ಕೆ ಒಂದು ಮಧ್ಯಾಹ್ನ ಇಣುಕಿದವರು. ಹೀಗೆ ಆಡುವವರು ಮೂವರಾದೆವು.

ಭಾನುವಾರ ಎರಡು ಗಂಟೆಗೆ ಷಟರ್ ಅರ್ಧಕ್ಕೆ ಇಳಿಯುವುದು. ನಾವು ಮೂವರು ಚಾಪೆಯ ಮೇಲೆ. ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ, ಪೆಟ್ಟಿಗೆಯ ಮೇಲೆ ಒಂದು ಭಾರಿ ಹಿತ್ತಾಳೆ ಹರಿವಾಣ. ಮದುವೆಮನೆಯಲ್ಲಿ ತೆಂಗಿನಕಾಯಿ, ಸೀರೆ ಜೋಡಿಸಿ ತರುತ್ತಾರಲ್ಲ, ಅಂಥದ್ದು. ಅದನ್ನು ನಮ್ಮ ಕಡೆ ಮುಖ ಮಾಡಿ ನೆಟ್ಟಗೆ ನಿಲ್ಲಿಸಿ, ಅದರ ಆಚೆ ಬದಿಯಲ್ಲಿ ಪುಸ್ತಕ ಬಿಚ್ಚಿಟ್ಟುಕೊಳ್ಳುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಹರಿವಾಣದಲ್ಲಿ ನಮ್ಮದೇ ಸೊಟ್ಟ ಮುಖಗಳು, ಅದರ ಮೇಲೆ ಅವರ ಹಣೆ ಮತ್ತು ಕಿವಿಗೆ ಸಿಕ್ಕಿಸಿದ ಪೆನ್ಸಿಲ್. "ಗಿರಾಕಿ ಗಲ್ಲಾದ ಈಚೆ ಬರಂಗಿಲ್ಲ" ಎಂಬುದು ನಿಯಮ. ಮಂಜಣ್ಣ ಒಮ್ಮೆ ಬಗ್ಗಿ ಇಣುಕಲು ಹೋಗಿ ಸೌಟಿನಲ್ಲಿ ಮೊಟಕಿಸಿಕೊಂಡ.

ಇಪ್ಪತ್ತು ಮುಖದ ದಾಳ ಮೊದಮೊದಲು ನಮ್ಮಲ್ಲಿರಲಿಲ್ಲ. ಇಪ್ಪತ್ತು ಚೀಟಿಗಳ ಮೇಲೆ ಅಂಕಿ ಬರೆದು ಚೊಂಬಿಗೆ ಹಾಕಿ ಕುಲುಕಿ ಎತ್ತುತ್ತಿದ್ದೆವು. ಮುಂದೆ ಒಂದು ಪಾರ್ಸೆಲ್ಲಿನಲ್ಲಿ ನಿಜವಾದ ದಾಳ ಬಂದಾಗ ಯಜಮಾನರು ಅದನ್ನು ಮುದ್ದಿಸಿ, ಗಾಜಿನ ಬೀರುವಿನಲ್ಲಿಟ್ಟು, ಚೊಂಬನ್ನೇ ಮುಂದುವರಿಸಿದರು. ದಾಳ ಉರುಳಿ ಪಾತ್ರೆಗಳ ಸಂದಿಗೆ ಹೋದರೆ ಅರ್ಧ ಅಂಗಡಿ ಕಿತ್ತುಹಾಕಬೇಕಾಗುತ್ತದೆ ಎಂಬುದು ಅವರ ವಾದ.

ನಮ್ಮ ವೇಷಗಳ ಹೆಸರುಗಳನ್ನು ಸ್ಟೀಲ್ ಲೋಟಗಳ ಮೇಲೆ ಕೊರೆದುಕೊಟ್ಟಿದ್ದರು. ಇರುವೆಗೂ ದಾರಿ ಬಿಡುವ ಸಿಸ್ಟರ್ "ಜಟ್ಟಿ ಗೌರಿ." ಮಂಜಣ್ಣ "ದಳವಾಯಿ ಸಿಡಿಲಪ್ಪ." ನಾನು "ಮಾಟದ ಮರಿಯಣ್ಣ." ಮಜ್ಜಿಗೆ ಬರುತ್ತಿದ್ದದ್ದು ಅವರವರ ಲೋಟದಲ್ಲೇ. ಪಕ್ಕದ ದಿನಸಿ ಅಂಗಡಿಯವರು ಒಮ್ಮೆ ನನ್ನ ಲೋಟ ಓದಿ, ನನ್ನಿಂದ ಒಂದು ಯಂತ್ರ ಬರೆಸಿಕೊಳ್ಳಬಹುದೇ ಎಂದು ಗಂಭೀರವಾಗಿ ವಿಚಾರಿಸಿದ್ದರು.

ಮಂಜಣ್ಣನ ಸಿಡಿಲಪ್ಪನಿಗೆ ಮಾತು ಕಡಿಮೆ, ಕೈ ಮುಂದು. ಒಂದು ಕತೆಯಲ್ಲಿ ನಾವು ಯಾರದೋ ತೋಟ ದಾಟಬೇಕಿತ್ತು, ಕಾವಲಿಗೆ ಒಂದು ನಾಯಿ. ಸಿಸ್ಟರ್ ಅದಕ್ಕೆ ರೊಟ್ಟಿ ಹಾಕುತ್ತೇನೆ ಎನ್ನುವಷ್ಟರಲ್ಲಿ ಮಂಜಣ್ಣ ಕುಡಗೋಲು ಬೀಸುವಂತೆ ಕೈಯಾಡಿಸಿ "ಅಷ್ಟೊತ್ತು ಯಾವನ್ ಕಾಯ್ತಾನೆ? ಕುಡ್ಲಲ್ಲಿ ಒಂದ್ ಬಿಟ್ಟೆ" ಎಂದ. ಚೀಟಿ ಎತ್ತಿದರೆ ಹತ್ತೊಂಬತ್ತು. ನಾಯಿ ಸತ್ತಿತು. ಯಜಮಾನರು "ಸರಿ, ಆಮೇಲೆ?" ಎಂದರು, ಕತೆ ಮುಂದೆ ಹೋಯಿತು.

ಮುಂದಿನ ಭಾನುವಾರ ನಾವು ಹೊಸ ಊರು ಹೊಕ್ಕೆವು. ಊರಬಾಗಿಲಲ್ಲಿ ಒಬ್ಬ ಮುದುಕ. ಯಜಮಾನರು ಅವನ ದನಿಯಲ್ಲಿ, "ನಮ್ ನಾಯಿ ಈ ಕಡೆ ಬಂತೇನ್ರಪ್ಪಾ? ಕಂದು ಬಣ್ಣ, ಒಂದ್ ಕಿವಿ ಮಡಚ್ಕಂಡಿರ್ತದೆ" ಎಂದು ಕೇಳಿದರು. ಇಲ್ಲ ಎಂದು ಮುಂದೆ ಹೋದೆವು. ಅದರ ಮುಂದಿನ ವಾರ ನದಿ ದಾಟಿದರೆ ಆಚೆ ದಡದಲ್ಲಿ ಅದೇ ಮುದುಕ. ಅರಮನೆ ಹೊಕ್ಕರೆ ಅಲ್ಲಿ ಊಟದ ಸಾಲಿನಲ್ಲಿ ಅದೇ ಮುದುಕ, ಅದೇ ಪ್ರಶ್ನೆ. ಮೂರನೇ ವಾರ ಮಂಜಣ್ಣನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಯಜಮಾನ್ರೇ, ನಾನೇ ಕೊಂದಿದ್ದು ಅಂತ ಹೇಳ್ತೀನಿ. ಆ ಮುದುಕಪ್ಪನ್ ಕಾಲ್ ಹಿಡ್ಕತೀನಿ. ಇನ್ ಕೇಳ್ಬೇಡ ಅನ್ನಿ ಅವನ್ಗೆ" ಎಂದ. ಹಿತ್ತಾಳೆಯಲ್ಲಿ ನನ್ನ ಮುಖ ನಗುತ್ತಿದ್ದದ್ದು ನನಗೇ ಕಂಡು ನಾಚಿಕೆಯಾಯಿತು. ಯಜಮಾನರು ಬಹಳ ಮೆತ್ತಗೆ, "ಕೇಳಲ್ಲ ಬಿಡು ಮಂಜಣ್ಣ" ಎಂದರು. ಮುದುಕ ಮತ್ತೆ ಬರಲಿಲ್ಲ.

ಆಟ ಎಲ್ಲಿಗೆ ನಿಲ್ಲಬೇಕು ಎಂಬುದು ಪುಸ್ತಕದ ಕೈಯಲ್ಲೂ ಇರಲಿಲ್ಲ, ಯಜಮಾನರ ಕೈಯಲ್ಲೂ ಇರಲಿಲ್ಲ. ಅವರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು. ಬಿಸಿಲು ಷಟರ್ ದಾಟಿ ಬತ್ತಿ ಸ್ಟೌವುಗಳನ್ನಿಟ್ಟ ಮೂಲೆಗೆ ಬಂದರೆ ಸಾಕು, ಒಳಬಾಗಿಲಿನಲ್ಲಿ ಅಮ್ಮ ಸೌಟಿನಿಂದ ತಟ್ಟೆ ಬಡಿಯುವರು. ಸಿಸ್ಟರ್ ಸೇತುವೆಯಿಂದ ಜೋತಾಡುತ್ತಿರಲಿ, ಮಂಜಣ್ಣ ಬಾವಿಯೊಳಗಿರಲಿ, ಯಜಮಾನರು ಪುಸ್ತಕ ಮುಚ್ಚಿ ಏಳುವರು. "ಒಂದೇ ನಿಮಿಷ ಯಜಮಾನ್ರೇ, ಹಗ್ಗ ಹರಿಯುತ್ತೋ ಇಲ್ವೋ ಹೇಳಿ" ಎಂದು ಸಿಸ್ಟರ್ ಗೋಗರೆದರೆ ಒಳಗಿನಿಂದ ಅಮ್ಮನೇ ಉತ್ತರ ಕೊಡುವರು: "ಮುಂದಿನ್ ವಾರದವರ್ಗೂ ಹರಿಯಲ್ಲ. ಕೈ ತೊಳ್ಕೊಳ್ಳಿ."

ಪುಸ್ತಕಗಳು ಬರುತ್ತಲೇ ಇದ್ದವು. ಕತ್ತಲ ಲೋಕದ ಕತೆ ಎಂದು ಹೆಸರು ಮಾಡಿದ ಒಂದನ್ನು ಯಜಮಾನರು ಆರು ತಿಂಗಳು ಕಾದು ತರಿಸಿದರು. ನೋಡಿದರೆ ಕಪ್ಪು ಹಾಳೆಯ ಮೇಲೆ ಬೂದು ಅಕ್ಷರ. ಬಿಸಿಲಿಗೆ ಹಿಡಿದರೂ ಕಾಣದು, ಬಲ್ಬಿನ ಕೆಳಗೂ ಕಾಣದು. "ಕತ್ಲೆ ವಿಷ್ಯ ಅಂತ ಕತ್ಲಲ್ಲೇ ಅಚ್ಚಾಕವ್ರೆ" ಎಂದು ಗೂಡಿಗೆ ಎಸೆದರು. ಇನ್ನೊಂದು ಸಲ ದೊಡ್ಡ ಪೆಟ್ಟಿಗೆಯೊಳಗೆ, ರಾಶಿ ಕಾಗದದ ಚೂರುಗಳ ಮಧ್ಯೆ, ಪಂಚಾಂಗದ ಕಾಲು ಭಾಗದಷ್ಟಿರುವ ಪುಸ್ತಿಕೆ. ಪಿನ್ನು ಹೊಡೆದದ್ದು, ಬಣ್ಣವಿಲ್ಲ. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದರಲ್ಲಿ ಕತ್ತಿಯೂ ಇಲ್ಲ, ರಾಕ್ಷಸನೂ ಇಲ್ಲ. ದಾರಿ ಬದಿಯ ಒಂದು ಛತ್ರ, ಅದನ್ನು ನಡೆಸುವ ಮೂವರು, ದಿನಕ್ಕೊಬ್ಬ ದಾರಿಹೋಕ. ನಾಲ್ಕು ತಿಂಗಳು ಆಡಿದೆವು. ಸಿಸ್ಟರ್ ಒಬ್ಬ ದಾರಿಹೋಕನಿಗಾಗಿ ನಿಜವಾಗಿ ಅತ್ತರು. ಆ ಪುಸ್ತಿಕೆ ಗಾಜಿನ ಬೀರುವಿನಲ್ಲಿ, ಬೆಳ್ಳಿ ತಟ್ಟೆಯ ಮೇಲೆ ಕೂತಿತು.

ಆರನೇ ವರ್ಷ ನನಗೆ ಬಾಣಾವರಕ್ಕೆ ವರ್ಗವಾಯಿತು. ಹೊರಡುವ ಮುಂಚೆ ಯಜಮಾನರಿಗೆ ಏನಾದರೂ ಕೊಡಬೇಕೆನಿಸಿತು. ಬೇರೇನು ಕೊಡಲಿ? ಮದುವೆಯೊಂದಕ್ಕೆ ಬೆಂಗಳೂರಿಗೆ ಹೋದವನು ಹಳೇ ಪುಸ್ತಕಗಳ ಅಂಗಡಿಯಲ್ಲಿ ಎರಡು ಗಂಟೆ ಹುಡುಕಿ ಒಂದನ್ನು ಹೆಕ್ಕಿದೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿತ್ತು, ಬಿಚ್ಚಿದರೆ ಕೊಳ್ಳಲೇಬೇಕು ಎಂದ ಅಂಗಡಿಯವನು. ಬಿಚ್ಚುವುದೇನು, ಮುಖಪುಟವೇ ಸಾಕಿತ್ತು. ಬೆಟ್ಟದ ತುದಿಯಲ್ಲಿ ಒಂದು ಮಹಾ ಗಂಟೆ, ಅದನ್ನು ಸುತ್ತಿಕೊಂಡು ಮಲಗಿದ ಮೃಗ. ಹೆಸರು ಒಂದೇ ಒಂದು ಪದ, ಯಾವುದೋ ಊರಿನ ಹೆಸರಿರಬೇಕು ಎಂದುಕೊಂಡೆ.

ಯಜಮಾನರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬಡಿಯಲಿಲ್ಲ. "ಉಡುಗೊರೆ ಪಾತ್ರೇನ ಬಡ್ದು ನೋಡೋದು ಮರ್ಯಾದೆ ಅಲ್ಲ, ಮೇಷ್ಟ್ರೇ" ಎಂದು ಒಳಗೆ ಒಯ್ದರು. ಮರುವಾರವೇ ಗಂಟೆಯ ಕತೆ ಶುರುವಾಯಿತು.

ಅಂಥ ಆಟವನ್ನು ನಾವು ಹಿಂದೆ ಆಡಿರಲಿಲ್ಲ. ಬೆಟ್ಟದ ಮೇಲಿನ ಗಂಟೆ ನಿಂತುಹೋಗಿ, ಅದರ ಸದ್ದಿಗೆ ಏಳುವ, ಅದರ ಸದ್ದಿಗೆ ಮಲಗುವ ಊರುಗಳೆಲ್ಲ ಹೊತ್ತು ಗೊತ್ತಿಲ್ಲದೆ ಒದ್ದಾಡುತ್ತಿದ್ದವು. ಆ ಗಂಟೆ ಹುಡುಕಿ ಹೊರಟವರು ನಾವು. ಒಂದೂವರೆ ವರ್ಷ ನಡೆಯಿತು. ವರ್ಗವಾದ ಮೇಲೂ ಆಟಕ್ಕೆಂದು ಭಾನುವಾರ ಬೆಳಿಗ್ಗೆ ಬಾಣಾವರದಲ್ಲಿ ಬಸ್ಸು ಹತ್ತಿದರೆ ಜಾವಗಲ್ ದಾಟುವ ತನಕ ನನಗೆ ಅದೇ ಯೋಚನೆ. ನನ್ನ ಪುಸ್ತಕ ಎಂಬ ಜಂಬವಂತೂ ಹೇಳಬಾರದು. "ನೀವು ಆರಿಸಿದ್ರಲ್ಲಿ ಅರ್ಧ ಗೂಡಿಗೆ ಹೋದ್ವು ಯಜಮಾನ್ರೇ. ನಾನು ಒಂದೇ ಒಂದ್ ತಂದೆ, ನೋಡಿ" ಎಂದು ಅವರೆದುರಿಗೇ ಕೊಚ್ಚಿಕೊಂಡಿದ್ದೇನೆ. ಅದನ್ನು ಬೀರುವಿನಲ್ಲಿ ನೋಡಬೇಕೆಂಬ ಆಸೆ ನನಗೆ ಹಸಿವಿನ ಹಾಗೆ ಹತ್ತಿತ್ತು. ಪ್ರತಿ ವಾರ ತೀರ್ಪು ಕೇಳುತ್ತಿದ್ದೆ. "ಆಟ ಮುಗೀಲಿ ಮೇಷ್ಟ್ರೇ" ಎನ್ನುತ್ತಿದ್ದರು.

ಒಂದು ದಿನ ಅನುಮಾನ ಬಂದು ಕೇಳಿದೆ: "ಇದೆಲ್ಲ ಪುಸ್ತಕದಲ್ಲಿ ಹೀಗೇ ಇದೆಯಾ, ಇಲ್ಲ ನೀವೇ ಸೇರಿಸ್ತೀರಾ?"

ಹರಿವಾಣದ ಮೇಲೆ ಅವರ ಹಣೆ ಒಂದು ಕ್ಷಣ ಅಲುಗಲಿಲ್ಲ. "ಇದ್ರಲ್ಲಿ ಇರೋದನ್ನ ಇರೋ ಹಂಗೇ ಹೇಳಕ್ಕೆ ನಂಗ್ ಬರಕ್ಕಿಲ್ಲ ಮೇಷ್ಟ್ರೇ" ಎಂದರು. ವಿನಯ ಎಂದುಕೊಂಡೆ. ಪುಸ್ತಕಕ್ಕೆ ನಿಷ್ಠರಾಗಿರಬೇಕು ಎಂದು ಬುದ್ಧಿಯನ್ನೂ ಹೇಳಿದೆ.

ಕೊನೆಗೊಂದು ಭಾನುವಾರ ಬೆಟ್ಟದ ತುದಿ ಮುಟ್ಟಿದೆವು. ಗಂಟೆ ಕಂಡಿತು, ಸುತ್ತಿ ಮಲಗಿದ ಮೃಗವೂ ಕಂಡಿತು. ಮೃಗ ಒಂದು ಕಣ್ಣು ತೆರೆಯಿತು. ಯಜಮಾನರು ಗಂಟಲು ಇಳಿಸಿ, ಅಂಗಡಿಗೆ ಬಂದವರನ್ನು ಕೇಳುವ ಹಾಗೆಯೇ ಕೇಳಿದರು: "ಏನ್ ಬೇಕಾಗಿತ್ತು?"

ಒಳಗೆ ತಟ್ಟೆಯ ಸದ್ದಾಯಿತು. ಅವರು ಪುಸ್ತಕ ಮುಚ್ಚಿದರು. ಮಂಜಣ್ಣ ತಲೆ ಚಚ್ಚಿಕೊಂಡ.

ಆ ಬುಧವಾರ ಬೆಳಿಗ್ಗೆ ಷಟರ್ ಎತ್ತಲು ಬಗ್ಗಿದವರು ಹಾಗೆಯೇ ಕೂತುಬಿಟ್ಟರಂತೆ. ಸಿಸ್ಟರ್ ಓಡಿಬರುವಷ್ಟರಲ್ಲಿ ಮುಗಿದಿತ್ತು. ನನಗೆ ಫೋನ್ ಬಂದಾಗ ಕ್ಲಾಸಿನಲ್ಲಿದ್ದೆ. ಬೋರ್ಡಿನ ಮೇಲೆ ಅರ್ಧ ಬರೆದ ಲೆಕ್ಕ ಹಾಗೇ ಬಿಟ್ಟು ಬಂದೆ. ಬಸ್ಸಿನಲ್ಲಿ ಅಳಬಾರದೆಂದುಕೊಂಡೆ, ಆಗಲಿಲ್ಲ.

ಕಾರ್ಯಗಳೆಲ್ಲ ಕಳೆದ ಮೇಲೆ ಅಮ್ಮನೇ ಫೋನ್ ಮಾಡಿದರು. "ಆಟ ಅರ್ಧಕ್ಕೇ ನಿಂತದಂತಲ್ಲ ಮೇಷ್ಟ್ರೇ. ಪುಸ್ತಕ ಮನೇಲೇ ಐತೆ. ಮೂರೂ ಜನ ಬಂದು ಮುಗಿಸ್ಕೊಂಡ್ ಹೋಗಿ. ಅರ್ಧ ಮಾಡಿದ್ ಕೆಲ್ಸ ಅವ್ರಿಗ್ ಆಗ್ತಿರ್ಲಿಲ್ಲ."

ಹೋದೆವು. ಷಟರ್ ಅರ್ಧಕ್ಕೆ ಇಳಿಯಿತು. ಲೋಟಗಳು ಬಂದವು. ಪುಸ್ತಕವನ್ನು ಅಮ್ಮ ಒಳಗಿನಿಂದ ತಂದರು. ಬಸದಿಯ ಶಾಸ್ತ್ರಗ್ರಂಥಗಳಿಗೆ ಸುತ್ತುತ್ತಾರಲ್ಲ, ಅಂಥ ಬಿಳಿ ಬಟ್ಟೆ ಸುತ್ತಿತ್ತು. ನನ್ನ ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಬೀರುವಿಗಿಂತ ಇದು ದೊಡ್ಡ ತೀರ್ಪಲ್ಲವೇ?

"ಪುಸ್ತಕ ನಿಮ್ದು, ನೀವೇ ಕೂತ್ಕೊಳ್ಳಿ" ಎಂದರು ಸಿಸ್ಟರ್. "ಆದ್ರೆ ಇಲ್ಲಿ ಬಿಚ್ಚಬೇಡಿ. ಗಲ್ಲಾದ ಆಚೆ ಹೋಗಿ ಬಿಚ್ಚಿ. ನಿಯಮ ನಿಯಮವೇ."

ಮುಂದೆ ಏನಾಗುತ್ತದೆಂದು ಪುಸ್ತಕದಲ್ಲಿದೆ, ಓದಿ ಹೇಳಿದರಾಯಿತು. ಹಾಗೆಂದುಕೊಂಡು ಅವರ ಜಾಗದಲ್ಲಿ, ಅವರ ಸವೆದ ಚಾಪೆಯ ಮೇಲೆ ಕೂತೆ. ಹರಿವಾಣ ನಿಲ್ಲಿಸಿಕೊಂಡೆ. ಬಟ್ಟೆ ಬಿಚ್ಚಿ ಪುಸ್ತಕ ತೆರೆದೆ.

ಅಕ್ಷರಗಳು ಇಂಗ್ಲಿಷಿನವು. ಮಾತು ಇಂಗ್ಲಿಷಲ್ಲ. ಒಂದು ಪುಟ ತಿರುಗಿಸಿದೆ, ಹತ್ತು ಪುಟ ತಿರುಗಿಸಿದೆ. ಉದ್ದುದ್ದ ಪದಗಳು, ಕೆಲವು ಅಕ್ಷರಗಳ ತಲೆಯ ಮೇಲೆ ಎರಡೆರಡು ಚುಕ್ಕೆ. ಜರ್ಮನ್ ಎಂದು ಆಮೇಲೆ ಯಾರೋ ಹೇಳಿದರು. ಆ ಗಳಿಗೆಯಲ್ಲಿ ತಿಳಿದದ್ದು ಇಷ್ಟೇ: ನಾನು ಕೊಟ್ಟ ಪುಸ್ತಕದ ಒಂದು ಸಾಲನ್ನೂ ಆ ಮನುಷ್ಯ ಓದಿರಲಿಲ್ಲ.

ಚಿತ್ರಗಳಿದ್ದವು. ಪ್ರತಿ ಚಿತ್ರದ ಪಕ್ಕ ಪೆನ್ಸಿಲ್ಲಿನಲ್ಲಿ ಸಣ್ಣ ಕನ್ನಡ ಅಕ್ಷರ. "ಇದು ಬಾವಿಯೋ ಬಾಗಿಲೋ? ಬಾವಿ ಎಂದು ಹೇಳಿದ್ದಾಯಿತು." "ಈ ಹೆಂಗಸು ಯಾರೋ. ಸಿಸ್ಟರ್‌ಗೆ ಅಕ್ಕ ಎಂದು ಮಾಡಬಹುದು." "ನಕ್ಷೆಯಲ್ಲಿ 3 ಎಂದರೆ ಏನೋ ತಿಳಿಯದು. ಮಂಜಣ್ಣನಿಗೆ ಹಸಿವಾದರೆ ಇಲ್ಲಿ ಊಟ." ಒಂದೂವರೆ ವರ್ಷದ ಭಾನುವಾರಗಳೆಲ್ಲ ಆ ಅಂಚುಗಳಲ್ಲಿದ್ದವು. ಕೊನೆಯ ಚಿತ್ರ ಮೃಗ ಮತ್ತು ಗಂಟೆ. ಅದರ ಪಕ್ಕದಲ್ಲಿ ಏನೂ ಬರೆದಿರಲಿಲ್ಲ.

ನನ್ನ ಕಿವಿ ಬಿಸಿಯಾಯಿತು. ಕೊಚ್ಚಿಕೊಂಡದ್ದು, ಬುದ್ಧಿ ಹೇಳಿದ್ದು ಎಲ್ಲ ಸಾಲಾಗಿ ನೆನಪಾದವು.

"ಓದಿ ಮೇಷ್ಟ್ರೇ" ಎಂದ ಮಂಜಣ್ಣ ಆಚೆಯಿಂದ. "ಏನ್ ಬರ್ದೈತೆ ಮುಂದಕ್ಕೆ?"

ನಿಜ ಹೇಳಿಬಿಡೋಣ ಎಂದು ತಲೆ ಎತ್ತಿದೆ. ಹರಿವಾಣದ ಹಿಂಬದಿ ಎದುರಿಗಿತ್ತು. ನಾವು ಯಾರೂ ಎಂದೂ ಕಾಣದ ಬದಿ. ಅದರ ತುಂಬ ಆ ಕರೆಂಟಿನ ಪೆನ್ನಿನಲ್ಲಿ ಕೊರೆದ ಪುಟ್ಟ ಸಾಲುಗಳು, ತಮಗೆ ತಾವೇ ಬರೆದುಕೊಂಡ ಎಚ್ಚರಿಕೆಗಳು.

"ಸಿಸ್ಟರ್ ಮಜ್ಜಿಗೆಗೆ ಉಪ್ಪು ಕಡಿಮೆ."

"ಮಂಜಣ್ಣನಿಗೆ ಮತ್ತೆ ನಾಯಿ ಬೇಡ."

"ತಟ್ಟೆ ಸದ್ದಾದರೆ ಏಳು. ವಾದ ಬೇಡ."

ಎಲ್ಲಕ್ಕಿಂತ ಕೆಳಗೆ, ಹೊಸದಾಗಿ ಹೊಳೆಯುವ ಸಾಲು: "ಪುಸ್ತಕದ ಸಂಗತಿ ಮೇಷ್ಟ್ರಿಗೆ ಹೇಳಬಾರದು. ಪಾಪ, ಆಸೆಪಟ್ಟು ತಂದಿದ್ದಾರೆ."

ಕಣ್ಣು ಮಂಜಾಗಿತ್ತು, ನಗುವೂ ಬರುತ್ತಿತ್ತು. ಸಿಸ್ಟರ್ ಏನಾಯಿತು ಎಂದು ಕೇಳಿದರು. ಪುಟ ಹುಡುಕುತ್ತಿದ್ದೇನೆ ಎಂದೆ. ಪುಸ್ತಕ ಮುಚ್ಚಿ, ಗಂಟಲು ಸರಿಮಾಡಿಕೊಂಡು, ಆದಷ್ಟೂ ಇಳಿದನಿಯಲ್ಲಿ ಹೇಳಿದೆ: "ಮೃಗ ಒಂದು ಕಣ್ಣು ತೆರೆದಿದೆ. ಏನ್ ಬೇಕಾಗಿತ್ತು, ಅಂತ ಕೇಳ್ತಾ ಇದೆ."

ಮಂಜಣ್ಣ ತನ್ನ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಕುಡಗೋಲು ಎತ್ತುತ್ತಾನೆ ಎಂದುಕೊಂಡೆ.

"ಏನೂ ಬ್ಯಾಡ ಅಂತೀನಿ ಅದ್ಕೆ" ಎಂದ ಮಂಜಣ್ಣ. "ನೀನ್ ಏಳ್ಬ್ಯಾಡ, ಮಲ್ಕಂಡಿರಪ್ಪಾ. ಗೆಣ್ಣಲ್ಲಿ ಒಂದೇ ಒಂದ್ ಸಲ ಗಂಟೇನ ಬಡ್ದು, ಸದ್ದು ಕೇಳಿ ಹೋಯ್ತೀವಿ ಅಂತೀನಿ."

ನನ್ನ ಕೈ ತಾನಾಗಿಯೇ ಮಡಚಿಕೊಂಡಿತು. ಎದುರಿನ ಹರಿವಾಣಕ್ಕೆ ನಡುಬೆರಳಿನಿಂದ ಒಂದು ಏಟು ಕೊಟ್ಟೆ. ಅಂಗಡಿಯ ಪಾತ್ರೆಗಳೆಲ್ಲ ಸಣ್ಣಗೆ ಮಿಡಿದವು. ಒಳಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅಮ್ಮ ತಟ್ಟೆ ಬಡಿಯದೆ, ಆ ಸದ್ದು ಪೂರ್ತಿ ಆರುವ ತನಕ ಕಾದರು.

"ಸರಿ" ಎಂದೆ ನಾನು. "ಆಮೇಲೆ?"